ಸಿ.ಐ.ಡಿ. 999 ಗೋವಾಕ್ಕೆ ಹೋದದ್ದೇಕೆ?

(ಚಲನಚಿತ್ರಾಸಕ್ತರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಲೇಖನ ರೂಪ)



ಕನ್ನಡ ಸಿನಿಮಾದ ಬಗ್ಗೆ ಮಾತನಾಡಿ ಎಂದು ಕರೆದಾಗ ಸಂಘಟಕರ ಮನಸ್ಸಿನಲ್ಲಿ 'ಸಂಸ್ಕಾರ'ವೋ 'ಘಟಶ್ರಾದ್ಧ'ವೋ ಇದ್ದಿರಬೇಕು. ನಾನು ಆರಿಸಿಕೊಂಡಿರುವುದು ಕೋಟು ತೊಟ್ಟು, ಪಿಸ್ತೂಲು ಹಿಡಿದು, ಖಳನಾಯಕನ ಅಡಗುದಾಣಕ್ಕೆ ನುಗ್ಗುವ ರಾಜಕುಮಾರ್ ಅವರನ್ನು. ಇದರಲ್ಲಿ ಚರ್ಚಿಸಲು ಏನಿದೆ ಎಂದು ಯಾರಾದರೂ ಹುಬ್ಬೇರಿಸಿದರೆ ನನ್ನ ಬೇಸರವಿಲ್ಲ. ಮುಂದಿನ ಅರ್ಧ ಗಂಟೆ ಆ ಹುಬ್ಬನ್ನು ಕೆಳಗಿಳಿಸುವ ಪ್ರಯತ್ನವನ್ನೇ ಮಾಡುತ್ತೇನೆ.

'ಕೆ.ಜಿ.ಎಫ್.' ಚಿತ್ರದ ಮೊದಲ ಅಧ್ಯಾಯ 2018ರಲ್ಲಿ, ಎರಡನೆಯದು 2022ರಲ್ಲಿ ಬಂದ ಮೇಲೆ 'ಎರಡನೆಯ ಭಾಗ' ಎನ್ನುವುದು ನಮ್ಮಲ್ಲಿ ಮನೆಮಾತಾಯಿತು. ಕನ್ನಡಕ್ಕೆ ಇದು ಹೊಸ ವಿದ್ಯೆ ಎಂಬ ಭಾವನೆಯೂ ಜೊತೆಗೇ ಹರಡಿತು. ಅದು ನಿಜವಲ್ಲ. ಅದಕ್ಕೆ ಐವತ್ತು ವರ್ಷ ಮೊದಲು, 1968ರಲ್ಲಿ, ಒಂದು ಸಾಹಸ ಚಿತ್ರ ಬಂದು, ಅದೇ ವರ್ಷ ಅದರ ಮುಂದಿನ ಕಂತೂ ಬಂದು, ಮರುವರ್ಷ ಮೂರನೆಯದೂ ತೆರೆ ಕಂಡಿತ್ತು. 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಮೂರನ್ನೂ ನಿರ್ದೇಶಿಸಿದವರು ದೊರೆ-ಭಗವಾನ್ ಎಂಬ ಜೋಡಿ. ಮೂರಕ್ಕೂ ನಾಯಕ ರಾಜಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್. ಒಂಬತ್ತು ವರ್ಷ ಬಿಟ್ಟು, 1978ರಲ್ಲಿ, ಇದೇ ತಂಡ 'ಆಪರೇಷನ್ ಡೈಮಂಡ್ ರಾಕೆಟ್' ಮಾಡಿತು. ಒಟ್ಟು ನಾಲ್ಕು.

ಮೊದಲು ಈ ಹೆಸರುಗಳನ್ನೇ ನೋಡಿ. ಮೊದಲನೆಯ ಚಿತ್ರದ ಹೆಸರಿನಲ್ಲಿ 999 ಇಲ್ಲ. 'ಜೇಡರ ಬಲೆ' ಎನ್ನುವುದು ಅಚ್ಚ ಕನ್ನಡ ಪತ್ತೇದಾರಿ ಕಾದಂಬರಿಯ ಶೀರ್ಷಿಕೆಯಂತಿದೆ. ರೈಲ್ವೆ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಆ ಹೆಸರಿನದೊಂದು ಸಿಕ್ಕಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಎರಡನೆಯ ಚಿತ್ರದ ಹೊತ್ತಿಗೆ ಸಂಖ್ಯೆ ಹೆಸರಿಗೇ ಬಂದು ಕೂತಿತು. ಅಂದರೆ ಮೊದಲ ಚಿತ್ರ ಕಂಡ ಜನ ಹೊರಬಂದು ನೆನಪಿಟ್ಟುಕೊಂಡದ್ದು ಜೇಡವನ್ನೂ ಅಲ್ಲ, ಬಲೆಯನ್ನೂ ಅಲ್ಲ, ಆ ಮೂರು ಒಂಬತ್ತುಗಳನ್ನು. ನಿರ್ಮಾಪಕರಿಗೆ ಅದು ಗೊತ್ತಾಯಿತು. ಮೂರನೆಯ ಹೆಸರಿನಲ್ಲಿ ಇನ್ನೂ ಒಂದು ತಮಾಷೆಯಿದೆ. 'ಆಪರೇಷನ್ ಜಾಕ್‌ಪಾಟ್' ಎಂಬ ಪೂರ್ತಿ ಇಂಗ್ಲಿಷ್ ಪದಗುಚ್ಛಕ್ಕೆ ನಮ್ಮ ಸಪ್ತಮೀ ವಿಭಕ್ತಿ ಹಚ್ಚಿ, ಅದೊಂದು ಊರೇನೋ ಎಂಬಂತೆ ಮಾಡಿದ್ದಾರೆ. ಗೋವಾದಲ್ಲಿ ಇದ್ದವನು ಈಗ ಜಾಕ್‌ಪಾಟ್‌ನಲ್ಲಿ ಇದ್ದಾನೆ. ಹೆಸರಿನ ಮೊದಲ ಅರ್ಧ ಬದಲಾಗುತ್ತದೆ, ಎರಡನೆಯ ಅರ್ಧ ಸ್ಥಿರ. ಹೊಸದು ಎಂದೂ ಹೇಳಬೇಕು, ನಿಮಗೆ ಗೊತ್ತಿರುವುದೇ ಎಂದೂ ಹೇಳಬೇಕು. ಜಗತ್ತಿನ ಎಲ್ಲ 'ಮುಂದಿನ ಭಾಗ'ಗಳ ವ್ಯಾಪಾರವೂ ಇಷ್ಟೆ.

ಸಂಖ್ಯೆಯ ಈ ಚಟ ನಮ್ಮೊಬ್ಬರದಲ್ಲ. ಜೇಮ್ಸ್ ಬಾಂಡ್‌ನ ಮೊದಲ ಚಿತ್ರ 'ಡಾಕ್ಟರ್ ನೋ' ಬಂದದ್ದು 1962ರಲ್ಲಿ, 'ಗೋಲ್ಡ್‌ಫಿಂಗರ್' 1964ರಲ್ಲಿ. ಬಾಂಡ್‌ಗೆ 007. ಫ್ರೆಂಚರ ಗೂಢಚಾರನಿಗೆ 117. ಅದಕ್ಕಿಂತ ಒಂದು ಕಡಮೆ ಮಾಡಿ ತೆಲುಗಿನವರು 1966ರಲ್ಲಿ ಕೃಷ್ಣ ಅವರನ್ನು ಹಾಕಿ 'ಗೂಢಚಾರಿ 116' ತೆಗೆದರು. ಅದರ ನಾಯಕಿ ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಅದೇ ವರ್ಷ ತಮಿಳಿನಲ್ಲಿ ಜೈಶಂಕರ್ ಅವರ 'ವಲ್ಲವನ್ ಒರುವನ್' ಬಂತು. 116ರ ಕಥೆ 1967ರಲ್ಲಿ ಹಿಂದಿಗೆ ಹೋಗಿ ಜೀತೇಂದ್ರರ 'ಫರ್ಜ್' ಆಯಿತು. ಭಾರತದ ಮೊದಲ ಬಾಂಡ್ ನಮ್ಮ ರಾಜಣ್ಣ ಎಂದು ಅಭಿಮಾನಿಗಳು ಹೇಳುವುದುಂಟು. ಅಭಿಮಾನಕ್ಕೆ ಲೆಕ್ಕ ಕೇಳಬಾರದು, ಆದರೆ ಮೇಲಿನ ಇಸವಿಗಳು ಹಾಗೆ ಹೇಳುವುದಿಲ್ಲ. ಕನ್ನಡದ ವಿಶೇಷ ಇರುವುದು ಮೊದಲಿಗರಾದದ್ದರಲ್ಲಿ ಅಲ್ಲ. ಒಂದು ಮಾಡಿ ಕೈಬಿಡದೆ, ಅದೇ ನಾಯಕ, ಅದೇ ಸಂಖ್ಯೆ, ಅದೇ ನಿರ್ದೇಶಕರು ಎಂದು ಸರಣಿ ಕಟ್ಟಿದ್ದರಲ್ಲಿ.

ಹಾಗೆ ಕಟ್ಟುವ ಧೈರ್ಯ ಎಲ್ಲಿಂದ ಬಂತು? ಓದುಗರಿಂದ ಎಂದು ನನ್ನ ಊಹೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ 1952ರಿಂದಲೇ ಕನ್ನಡಿಗರ ಮನೆಗಳಲ್ಲಿ ಓಡಾಡಿಕೊಂಡಿದ್ದ. ಪ್ರತಿ ಪುಸ್ತಕದಲ್ಲೂ ಹೊಸ ಕೊಲೆ, ಹೊಸ ಊರು, ಹಳೆಯ ಪುರುಷೋತ್ತಮ. ಹಿಂದಿನದು ಓದದಿದ್ದರೂ ಇಂದಿನದು ಅರ್ಥವಾಗುತ್ತಿತ್ತು. ಸಾವಿರಾರು ಜನ ಆ ಪುಸ್ತಕಗಳಿಂದಲೇ ಓದಲು ಕಲಿತರು ಎಂದು ಹಿರಿಯರು ಹೇಳುತ್ತಾರೆ. ಮುಗಿಯದ ನಾಯಕ, ಮುಗಿಯುವ ಕಥೆ ಎಂಬ ಒಪ್ಪಂದ ಓದುಗರಿಗೆ ಅಭ್ಯಾಸವಾಗಿತ್ತು. ಸಿನಿಮಾ ಅದನ್ನು ಎರವಲು ಪಡೆಯಿತು.

ಇನ್ನು ಆ ಕಾಲದ ಪರಿಸ್ಥಿತಿ. 1968ರಲ್ಲಿ ಇದು ಇನ್ನೂ ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬರಲು ಐದು ವರ್ಷ ಬಾಕಿ. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳ ನಡುವೆ ಕನ್ನಡ ಜಾಗ ಹುಡುಕಬೇಕಿತ್ತು. ದಂಡು ಪ್ರದೇಶದ ಪ್ಲಾಜಾ, ರೆಕ್ಸ್‌ನಂಥ ಮಂದಿರಗಳು ಇಂಗ್ಲಿಷ್ ಚಿತ್ರಗಳ ನೆಲೆ. ಆ ಎರಡೂ ಈಗ ಇಲ್ಲ. ಕನ್ನಡ ಚಿತ್ರಗಳ ಚಿತ್ರೀಕರಣದ ಬಹುಪಾಲು ಕೆಲಸ ನಡೆಯುತ್ತಿದ್ದುದು ಮದರಾಸಿನಲ್ಲಿ. ಅ.ನ.ಕೃ., ಮ. ರಾಮಮೂರ್ತಿ ಮುಂತಾದವರ ನೇತೃತ್ವದಲ್ಲಿ ನಡೆದ ಕನ್ನಡ ಚಳವಳಿಯ ಫಲವಾಗಿ 1960ರ ದಶಕದ ಮಧ್ಯದ ಹೊತ್ತಿಗೆ ಕನ್ನಡಕ್ಕೆ ಡಬ್ಬಿಂಗ್ ಆಗುವುದು ನಿಂತುಹೋಗಿತ್ತು. ಇದರ ಸರಿತಪ್ಪುಗಳನ್ನು ಇಲ್ಲಿ ಎತ್ತುವುದಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ನಿರ್ಬಂಧದ ವಿರುದ್ಧ ತೀರ್ಪು ಕೊಟ್ಟ ಮೇಲೆ ಪತ್ರಿಕೆಗಳಲ್ಲಿ ಬೇಕಾದಷ್ಟು ಶಾಯಿ ಹರಿದಿದೆ. ನಮಗೆ ಬೇಕಾದ ಅಂಶ ಒಂದೇ. 'ಗೂಢಚಾರಿ 116' ಕನ್ನಡದಲ್ಲಿ ಮಾತನಾಡುವಂತಿರಲಿಲ್ಲ. ಬಾಂಡ್ ಬೇಕೆಂದರೆ ಕನ್ನಡದಲ್ಲೇ ಒಬ್ಬನನ್ನು ತಯಾರಿಸಬೇಕಿತ್ತು. ಮಂಡ್ಯದ ಟೆಂಟಿನಲ್ಲಿ ಗಾಂಧಿ ಕ್ಲಾಸಿನ ನೆಲದ ಮೇಲೆ ಕೂತವನಿಗೆ ರೆಕ್ಸ್ ಚಿತ್ರಮಂದಿರದ ಮೋಜು ಸಿಗಬೇಕಾದರೆ ಬೇರೆ ದಾರಿಯಿರಲಿಲ್ಲ.

ತಯಾರಿಸಲು ಹಣ? ಮಾರುಕಟ್ಟೆ ಚಿಕ್ಕದು, ಆದ್ದರಿಂದ ಬಂಡವಾಳವೂ ಚಿಕ್ಕದು. ಇದರ ಮೊದಲ ಗುರುತು ಕಣ್ಣಿಗೇ ಕಾಣುತ್ತದೆ: ಮೊದಲ ಮೂರೂ ಚಿತ್ರಗಳು ಕಪ್ಪು ಬಿಳುಪು. ಕನ್ನಡದಲ್ಲಿ ವರ್ಣಚಿತ್ರ ಬಂದು ನಾಲ್ಕು ವರ್ಷವಾಗಿತ್ತು, 1964ರ 'ಅಮರಶಿಲ್ಪಿ ಜಕಣಾಚಾರಿ'ಯಿಂದ. ಆದರೆ ಬಣ್ಣದ ಕಚ್ಚಾ ಫಿಲ್ಮ್ ವಿದೇಶದಿಂದ ಬರಬೇಕು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಡಾಲರಿಗೆ 4.76 ಇದ್ದದ್ದು 7.50 ಆಗಿತ್ತು. ಅಂದರೆ ವಿದೇಶದಿಂದ ಬರುವ ಪ್ರತಿ ಅಡಿ ಫಿಲ್ಮಿಗೂ ಒಂದೂವರೆ ಪಟ್ಟು ರೂಪಾಯಿ ತೆರಬೇಕು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರುಮಾಡಿತಾದರೂ ಅದರ ಸರಕು ಕಪ್ಪು ಬಿಳುಪಿನದು. ಬಾಂಡ್ ಚಿತ್ರಗಳ ಅರ್ಧ ಆಕರ್ಷಣೆ ನೀಲಿ ಸಮುದ್ರ, ಕೆಂಪು ಕಾರು. ನಮ್ಮ 999 ಅದೆಲ್ಲವನ್ನೂ ಬೂದು ಬಣ್ಣದಲ್ಲೇ ಸಾಧಿಸಬೇಕಿತ್ತು.

ಎರಡನೆಯ ಉಳಿತಾಯ ನಿರ್ದೇಶಕರ ಜೋಡಿಯಲ್ಲೇ ಇತ್ತು. ಬಿ. ದೊರೆರಾಜ್ ಮೂಲತಃ ಛಾಯಾಗ್ರಾಹಕರು. ಎಸ್.ಕೆ. ಭಗವಾನ್ ಹಿರಣ್ಣಯ್ಯ ಮಿತ್ರಮಂಡಳಿಯ ನಾಟಕಗಳಿಂದ ಬಂದು, ಸಹಾಯಕ ನಿರ್ದೇಶಕರಾಗಿ ದುಡಿದವರು. ಒಬ್ಬರು ಬೆಳಕು ನೋಡಿಕೊಂಡರೆ ಇನ್ನೊಬ್ಬರು ನಟರನ್ನು. ಸ್ಟುಡಿಯೋ ಬಾಡಿಗೆ ಕಾಲ್‌ಷೀಟಿನ ಲೆಕ್ಕದಲ್ಲಿ ಏರುವ ಧಂದೆಯಲ್ಲಿ, ಕ್ಯಾಮೆರಾ ಎಲ್ಲಿಡಬೇಕು ಎಂದು ನಿರ್ದೇಶಕನೂ ಛಾಯಾಗ್ರಾಹಕನೂ ವಾದ ಮಾಡುತ್ತಾ ನಿಲ್ಲುವ ಅರ್ಧ ಗಂಟೆಗೂ ಬೆಲೆಯಿದೆ. ಇಲ್ಲಿ ಆ ವಾದ ಮುಗಿಸಿಕೊಂಡೇ ಬೆಳಗ್ಗೆ ಸೆಟ್ಟಿಗೆ ಬರಬಹುದಿತ್ತು. ಇವರಿಬ್ಬರೂ ಜೋಡಿಯಾಗಿ ನಿರ್ದೇಶಿಸಿದ ಮೊದಲ ಚಿತ್ರವೇ 'ಜೇಡರ ಬಲೆ' ಎಂಬುದನ್ನು ಗಮನಿಸಬೇಕು. ಮೊದಲ ಯತ್ನಕ್ಕೇ ಅಪಾಯದ ವಸ್ತು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಬಾಂಡ್ ಚಿತ್ರವೆಂದರೆ ಯಂತ್ರೋಪಕರಣ. ಗುಂಡಿ ಒತ್ತಿದರೆ ಗೋಡೆ ಸರಿಯಬೇಕು, ಕುರ್ಚಿ ಕುಸಿಯಬೇಕು. ಲಂಡನ್ನಿನ ಸ್ಟುಡಿಯೋಗಳಲ್ಲಿ ಇದಕ್ಕೆ ಇಂಜಿನಿಯರುಗಳಿದ್ದರು. ನಮಗೆ ಯಾರಿದ್ದರು? ಕಂಪನಿ ನಾಟಕದವರಿದ್ದರು. ಗುಬ್ಬಿ ವೀರಣ್ಣನವರು 1930ರ ದಶಕದಲ್ಲೇ 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದವರು. ಪಾತ್ರಧಾರಿ ನೋಡನೋಡುತ್ತಿದ್ದಂತೆ ಮಾಯವಾಗುವ, ನೆಲ ಬಾಯ್ಬಿಡುವ, ಪರದೆ ಸೀಳಿ ದೇವರು ಬರುವ 'ಟ್ರಿಕ್ ಸೀನು'ಗಳು ಕಂಪನಿಗಳ ದಿನನಿತ್ಯದ ಕಸುಬು. ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಹಾಸ್ಯನಟ ನರಸಿಂಹರಾಜು ರಂಗಭೂಮಿಯವರು. ಭಗವಾನ್ ಮಂಡಳಿಯವರು. ಖಳನಾಯಕನ ಗುಪ್ತ ಕೋಣೆಯ ಕದ ಸರಿಯುವಾಗ ಹಿಂದೆ ಯಾರೋ ಹಗ್ಗ ಎಳೆಯುತ್ತಿದ್ದಾರೆ ಎಂದು ಇಂದಿನ ಹುಡುಗರು ನಗುತ್ತಾರೆ. ನಗಲಿ. ಆ ಹಗ್ಗ ಎಳೆಯುವ ಕೈಗೆ ಅರ್ಧ ಶತಮಾನದ ತಾಲೀಮು ಇತ್ತು.

ಕಥೆಗೆ ಬರೋಣ. 'ಜೇಡರ ಬಲೆ'ಯಲ್ಲಿ ವಿಜ್ಞಾನಿಯೊಬ್ಬ ಸಾಧಾರಣ ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿಯುತ್ತಾನೆ, ಅದರ ಹಿಂದೆ ದುಷ್ಟರ ಕೂಟ ಬೀಳುತ್ತದೆ. ಮಕ್ಕಳ ಕಥೆ ಎನ್ನಿಸಬಹುದು. ಆದರೆ 1968ರ ಪ್ರೇಕ್ಷಕನ ಜಾಗದಲ್ಲಿ ಕೂತು ನೋಡಿ. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮಗಳು ಬಂದು, ಹದಿನಾಲ್ಕು ಕ್ಯಾರಟ್ಟಿಗಿಂತ ಹೆಚ್ಚು ಶುದ್ಧತೆಯ ಆಭರಣ ಮಾಡಬಾರದು ಎಂದಾಯಿತು. ಅಕ್ಕಸಾಲಿಗರ ಬೀದಿಗಳಲ್ಲಿ ಒಲೆ ಆರಿತು. ಹೊಟ್ಟೆಪಾಡಿಗೆ ದಾರಿ ಕಾಣದೆ ಪ್ರಾಣ ಕಳೆದುಕೊಂಡವರೂ ಇದ್ದರು. 1968ರಲ್ಲಿ ಅದು ಪೂರ್ಣ ಪ್ರಮಾಣದ ಕಾಯಿದೆಯೇ ಆಗಿ, 1990ರವರೆಗೂ ಜಾರಿಯಲ್ಲಿತ್ತು. ಮಗಳ ಮದುವೆಗೆ ಒಡವೆ ಹೊಂದಿಸಲು ಪರದಾಡುವ ಮನೆಗಳ ನಡುವೆ, ಕೋಲಾರದ ಗಣಿ ಇರುವ ರಾಜ್ಯದಲ್ಲೇ, ಚಿನ್ನ ಎಂಬುದು ಕಳ್ಳಸಾಗಣೆಯ ಸರಕಾಗಿತ್ತು. ಆಗ ತೆರೆಯ ಮೇಲೆ ಒಬ್ಬ ವಿಜ್ಞಾನಿ ಕಬ್ಬಿಣವನ್ನು ಚಿನ್ನ ಮಾಡುತ್ತೇನೆ ಎಂದರೆ, ಅದನ್ನು ಕದಿಯಲು ಬಂದವರನ್ನು ಸರ್ಕಾರಿ ನೌಕರನೊಬ್ಬ ಹೊಡೆದರೆ, ಚಿತ್ರಮಂದಿರದಲ್ಲಿ ಶಿಳ್ಳೆ ಬೀಳದೆ ಇರುತ್ತದೆಯೇ? ಬಾಂಡ್ ಬ್ರಿಟಿಷ್ ರಾಣಿಯ ಸೇವಕ. ನಮ್ಮವನು ಸಿ.ಐ.ಡಿ., ಅಂದರೆ ಪೊಲೀಸ್ ಇಲಾಖೆಯವನು. ಸಂಬಳದ ಮನುಷ್ಯ.

ಈಗ ಎರಡನೆಯ ಚಿತ್ರ, ಮತ್ತು ನನ್ನ ಶೀರ್ಷಿಕೆಯ ಪ್ರಶ್ನೆ. ಗೋವಾಕ್ಕೆ ಏಕೆ?

ಬಾಂಡ್ ಪ್ರತಿ ಚಿತ್ರದಲ್ಲೂ ದೇಶ ಬದಲಿಸುತ್ತಾನೆ. ಜಮೈಕಾ, ಇಸ್ತಾಂಬುಲ್, ಜಪಾನ್. ಸಣ್ಣ ಬಂಡವಾಳದ ಕನ್ನಡ ಚಿತ್ರತಂಡ ವಿದೇಶಕ್ಕೆ ಹೋಗುವ ಮಾತೇ ಇಲ್ಲ. ವಿದೇಶಿ ವಿನಿಮಯ ಯಾರು ಕೊಡುತ್ತಾರೆ? ಆದರೆ ಬೆಳಗಾವಿಯಿಂದ ಘಟ್ಟ ಇಳಿದರೆ, ಕಾರವಾರದಿಂದ ಹೊಳೆ ದಾಟಿದರೆ, ಏಳು ವರ್ಷ ಹಿಂದೆ ನಿಜವಾಗಿಯೂ ವಿದೇಶವಾಗಿದ್ದ ಜಾಗವೊಂದಿತ್ತು. ಪೋರ್ಚುಗೀಸರು ನಾಲ್ಕೂವರೆ ಶತಮಾನ ಆಳಿದ ಗೋವಾವನ್ನು ಭಾರತದ ಸೇನೆ ಬಿಡಿಸಿದ್ದು 1961ರ ಡಿಸೆಂಬರ್ 19ರಂದು. 1967ರ ಜನವರಿಯಲ್ಲಿ ಅಲ್ಲಿ ಜನಾಭಿಪ್ರಾಯ ಸಂಗ್ರಹ ನಡೆದು, ಮಹಾರಾಷ್ಟ್ರಕ್ಕೆ ಸೇರುವುದಿಲ್ಲ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರುತ್ತೇವೆ ಎಂದು ಗೋವನ್ನರು ಮತ ಹಾಕಿದ್ದರು. ಪತ್ರಿಕೆಗಳಲ್ಲಿ ಗೋವಾ, ಗೋವಾ. ಮರುವರ್ಷವೇ 999 ಅಲ್ಲಿಗೆ ಹೋದ.

ಪಾಸ್‌ಪೋರ್ಟು ಬೇಡದ ವಿದೇಶ ಎಂದರೆ ಇದು. ಬಿಳಿ ಚರ್ಚುಗಳು, ಹಂಚಿನ ಬಂಗಲೆಗಳು, ಪೋರ್ಚುಗೀಸ್ ಹೆಸರಿನ ಜನ, ಸಮುದ್ರ. ಅಲ್ಲಿಂದ ಕಳ್ಳ ಮಾಲು ಬರುತ್ತದೆ ಎಂಬ ಗುಮಾನಿ ಬೇರೆ. ಹೆಸರಿನಲ್ಲಿ ಆ ಒಂದು ಪದ ಬಂದರೆ ಸಾಕು, ಬಾಂಡ್ ಚಿತ್ರ ಒಂದು ಇಡೀ ವಿಮಾನಯಾನದಿಂದ ಹುಟ್ಟಿಸುವ ಕುತೂಹಲ ಒಂದು ಭಿತ್ತಿಪತ್ರದಿಂದ ಹುಟ್ಟುತ್ತದೆ. ಕಡಮೆ ದುಡ್ಡಿನಲ್ಲಿ ಸಿನಿಮಾ ಮಾಡುವವನ ಜಾಣತನ ನನಗೆ ಇಲ್ಲಿ ಕಾಣುತ್ತದೆ. ಸೆಟ್ಟು ಕಟ್ಟುವ ಬದಲು, ದೇಶದ ಚರಿತ್ರೆ ಆಗಲೇ ಕಟ್ಟಿಟ್ಟ ಸೆಟ್ಟು ಎಲ್ಲಿದೆ ಎಂದು ಹುಡುಕುವುದು.

ಬಿಡುಗಡೆಯ ಮಾತು ಹೇಳದೆ ಈ ಚಿತ್ರಗಳ ಕಥಾರಚನೆ ಅರ್ಥವಾಗುವುದಿಲ್ಲ. ಇಂದು ಒಂದು ಚಿತ್ರ ಒಂದೇ ದಿನ ಸಾವಿರಾರು ತೆರೆಗಳಲ್ಲಿ ಏಳುತ್ತದೆ. ಆಗ ಪ್ರಿಂಟುಗಳು ಕೆಲವೇ. ಗಾಂಧಿನಗರದ ಹಂಚಿಕೆದಾರರು ಬಿ.ಕೆ.ಟಿ. ಎಂದು ಬೆಂಗಳೂರು, ಕೋಲಾರ, ತುಮಕೂರುಗಳನ್ನು ಒಂದು ಪ್ರದೇಶ ಮಾಡಿಕೊಂಡು, ಉಳಿದ ಜಿಲ್ಲೆಗಳನ್ನು ಹೀಗೇ ವಿಂಗಡಿಸಿಕೊಂಡು ವ್ಯವಹಾರ ನಡೆಸುತ್ತಿದ್ದರು. ದೊಡ್ಡ ಊರಿನಲ್ಲಿ ಓಡಿ ದಣಿದ ರೀಲು ಪೆಟ್ಟಿಗೆ ತಾಲ್ಲೂಕಿಗೆ, ತಾಲ್ಲೂಕಿನಿಂದ ಟೂರಿಂಗ್ ಟಾಕೀಸಿಗೆ ಬಸ್ಸಿನ ಮೇಲೆ, ಎತ್ತಿನ ಗಾಡಿಯಲ್ಲಿ ಪಯಣಿಸುತ್ತಿತ್ತು. ಅಲ್ಲಿಗೆ ತಲುಪುವ ಹೊತ್ತಿಗೆ ಗೆರೆ ಬಿದ್ದು, ಅಲ್ಲಲ್ಲಿ ಹರಿದು ಅಂಟಿಸಿ, ಕೆಲವು ದೃಶ್ಯಗಳೇ ಮಾಯವಾಗಿರುತ್ತಿದ್ದವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ವಿಡಿಯೋ ಕ್ಯಾಸೆಟ್ಟು ಕೇಳದ ಕಾಲ. ಒಂದು ಚಿತ್ರ ತಪ್ಪಿಹೋದರೆ, ಮರುಬಿಡುಗಡೆಯಾಗುವವರೆಗೆ ಅದು ತಪ್ಪಿಹೋದದ್ದೇ.

ಹಾಗಿರುವಾಗ ಒಂದೇ ವರ್ಷದಲ್ಲಿ ಎರಡನೆಯ ಕಂತು ತಂದರೆ ಏನಾಗುತ್ತದೆ? ಒಂದು ಹಳ್ಳಿಗೆ ಎರಡನೆಯದೇ ಮೊದಲು ಬರಬಹುದು. ಮೊದಲನೆಯದು ಬಾರದೆಯೂ ಇರಬಹುದು. 'ಹಿಂದಿನ ಚಿತ್ರದಲ್ಲಿ ನೋಡಿದಂತೆ' ಎಂದು ಕಥೆ ಹೇಳುವಂತಿಲ್ಲ. ಆದ್ದರಿಂದ 999ಕ್ಕೆ ಹೆಂಡತಿಯಿಲ್ಲ, ಹಳೆಯ ಗಾಯವಿಲ್ಲ, ಮುಂದುವರಿಯುವ ಸೇಡಿಲ್ಲ. ಪ್ರತಿ ಚಿತ್ರಕ್ಕೂ ಹೊಸ ನಾಯಕಿ. 'ಜೇಡರ ಬಲೆ'ಗೆ ಜಯಂತಿ, ಗೋವಾಕ್ಕೆ ಲಕ್ಷ್ಮಿ, ಜಾಕ್‌ಪಾಟ್‌ಗೆ ರೇಖಾ. ಇದು ಬಾಂಡ್ ಚಿತ್ರಗಳ ನಕಲು ಎಂದು ವಿಮರ್ಶಕರು ಸುಲಭವಾಗಿ ಹೇಳಿಬಿಡುತ್ತಾರೆ. ನಕಲು ಹೌದು. ಆದರೆ ಆ ರೀತಿಯನ್ನು ಇಲ್ಲಿ ಉಳಿಸಿದ್ದು ಎತ್ತಿನ ಗಾಡಿಯ ರೀಲು ಪೆಟ್ಟಿಗೆ. ಇಂದಿನ ಸರಣಿ ಚಿತ್ರಗಳು ಮೊದಲ ಭಾಗದ ಕೊನೆಯಲ್ಲಿ ಪ್ರಶ್ನೆ ನೇತುಹಾಕಿ ನಾಲ್ಕು ವರ್ಷ ಕಾಯಿಸಬಲ್ಲವು, ಏಕೆಂದರೆ ಮೊದಲ ಭಾಗ ಎಲ್ಲರ ಜೇಬಿನ ಫೋನಿನಲ್ಲೇ ಇದೆ.

ನಾಯಕನ ದೃಷ್ಟಿಯಿಂದಲೂ ಒಮ್ಮೆ ನೋಡಬೇಕು. 1968 ಎಂದರೆ ರಾಜಕುಮಾರ್ ಅವರ ನೂರನೆಯ ಚಿತ್ರ 'ಭಾಗ್ಯದ ಬಾಗಿಲು' ಬಂದ ವರ್ಷ. ಆ ಒಂದೇ ವರ್ಷದಲ್ಲಿ ಅವರ ಹತ್ತಕ್ಕೂ ಹೆಚ್ಚು ಚಿತ್ರಗಳು ತೆರೆ ಕಂಡವು. ತ್ರಿವೇಣಿಯವರ ಕಾದಂಬರಿ ಆಧರಿಸಿದ 'ಹಣ್ಣೆಲೆ ಚಿಗುರಿದಾಗ', ರಾಷ್ಟ್ರ ಪ್ರಶಸ್ತಿ ಪಡೆದ 'ಮಣ್ಣಿನ ಮಗ', 'ಬೆಂಗಳೂರು ಮೈಲ್', ಇವುಗಳ ನಡುವೆ ಎರಡು 999. ಬೇಡರ ಕಣ್ಣಪ್ಪನಾಗಿ ಬಂದು, ಕನಕದಾಸರಾಗಿ, ರಣಧೀರ ಕಂಠೀರವನಾಗಿ ಜನರ ಕೈ ಮುಗಿಸಿಕೊಂಡ ನಟ ಪಿಸ್ತೂಲು ಹಿಡಿದರೆ ಆ ಮುಗಿದ ಕೈಗಳು ಏನು ಮಾಡುತ್ತವೆ? ಸೋತಿದ್ದರೆ ಬಾಂಡ್ ವೇಷ ನಗೆಪಾಟಲಾಗುತ್ತಿತ್ತು. ಒಂದು ಚಿತ್ರ ಗೆದ್ದರೆ ಅದು ಆಕಸ್ಮಿಕ ಎನ್ನಬಹುದು. ಎರಡನೆಯದು ಬಂದು ನಿಂತಾಗ ಮಾತ್ರ ಪಂಚೆಯಷ್ಟೇ ಕೋಟೂ ಈ ಮನುಷ್ಯನಿಗೆ ಒಪ್ಪುತ್ತದೆ ಎಂದು ಖಚಿತವಾಯಿತು. 1972ರ 'ಬಂಗಾರದ ಮನುಷ್ಯ'ದ ರಾಜೀವ ಪಟ್ಟಣದಿಂದ ಹಳ್ಳಿಗೆ ಬಂದಾಗ, ಪಟ್ಟಣದ ವೇಷವೂ ಅವರ ಮೈಗೆ ಒಗ್ಗುತ್ತದೆ ಎಂಬುದನ್ನು ಪ್ರೇಕ್ಷಕರು ಮೊದಲೇ ನೋಡಿ ಬಲ್ಲವರಾಗಿದ್ದರು. ಇದು ನನ್ನ ಅಭಿಪ್ರಾಯ. ಒಪ್ಪದವರು ಕೊನೆಯಲ್ಲಿ ಎದ್ದು ನಿಲ್ಲಬಹುದು.

ಇಷ್ಟು ಹೊಗಳಿದ ಮೇಲೆ, ಹೊಗಳಲಾಗದ್ದನ್ನೂ ಹೇಳಬೇಕು. ರೇಖಾ ನಾಯಕಿಯಾಗಿ ನಟಿಸಿದ ಮೊದಲ ಚಿತ್ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಿಂದಿಯ 'ಸಾವನ್ ಭಾದೋಂ' ಬಂದದ್ದು 1970ರಲ್ಲಿ, ನಾವು ಅದಕ್ಕಿಂತ ಒಂದು ವರ್ಷ ಮುಂದೆ. ಸರಿ. ಆದರೆ ರೇಖಾ ಹುಟ್ಟಿದ್ದು 1954ರ ಅಕ್ಟೋಬರ್‌ನಲ್ಲಿ. ಕೂಡಿ ಕಳೆದು ನೋಡಿ: ಹದಿನಾಲ್ಕರ ಹುಡುಗಿ. ಎದುರಿಗೆ ನಲವತ್ತರ ನಾಯಕ. ಶಾಲೆ ಬಿಟ್ಟು, ಮನಸ್ಸಿಲ್ಲದೆ ಕ್ಯಾಮೆರಾ ಮುಂದೆ ನಿಂತದ್ದನ್ನು ಮುಂದೆ ಆಕೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಲಕ್ಷ್ಮಿಯವರಿಗೂ ಗೋವಾ ಚಿತ್ರದ ಕಾಲಕ್ಕೆ ಹದಿನೈದು. ಅದೇ ಅವರ ಮೊದಲ ಕನ್ನಡ ಚಿತ್ರ.

ಇದು ಈ ಒಂದು ತಂಡದ ತಪ್ಪು ಎಂದು ನಾನು ಹೇಳುತ್ತಿಲ್ಲ. ಮದರಾಸಿನಲ್ಲೂ ಮುಂಬಯಿಯಲ್ಲೂ ಆಗ ಇದೇ ರೂಢಿ. ಆದರೆ ಸಣ್ಣ ಬಂಡವಾಳದ ಸಿನಿಮಾದ ಜಾಣತನಗಳನ್ನು ಪಟ್ಟಿ ಮಾಡುವಾಗ, ಬಣ್ಣ ಬಿಟ್ಟರು, ವಿದೇಶ ಬಿಟ್ಟರು, ಹಗ್ಗದಲ್ಲಿ ಗೋಡೆ ಸರಿಸಿದರು ಎಂದು ಚಪ್ಪಾಳೆ ತಟ್ಟುವಾಗ, ಹೊಸಮುಖಗಳು ಅಗ್ಗಕ್ಕೆ ಸಿಗುತ್ತಿದ್ದವು ಎಂಬ ಸಾಲನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕಾಗುತ್ತದೆ. ಪ್ರತಿ ಕಂತಿಗೂ ಹೊಸ ನಾಯಕಿ ಎಂಬ ನಿಯಮದ ಇನ್ನೊಂದು ಮುಖ ಅದು. ನಾಯಕ ಸಂಖ್ಯೆಯಾಗಿ ಉಳಿಯುತ್ತಾನೆ, ನಾಯಕಿ ಬದಲಾಗುತ್ತಾಳೆ. ಆ ಇಬ್ಬರು ಹುಡುಗಿಯರೂ ಮುಂದೆ ದೇಶವೇ ತಲೆಬಾಗುವ ನಟಿಯರಾದರು. ಅದು ಅವರ ಶಕ್ತಿ. ಧಂದೆಯ ಉಪಕಾರವಲ್ಲ.

ಮೂರು ಚಿತ್ರಗಳ ಬಳಿಕ ದೊರೆ-ಭಗವಾನ್ ಪಿಸ್ತೂಲು ಕೆಳಗಿಟ್ಟರು. ಇಲ್ಲಿಂದ ಮುಂದಿನ ಹಾದಿ ಎಲ್ಲರಿಗೂ ಗೊತ್ತು. 1971ರಲ್ಲಿ 'ಕಸ್ತೂರಿ ನಿವಾಸ', 1974ರಲ್ಲಿ ವಾಣಿಯವರ ಕಾದಂಬರಿಯಿಂದ 'ಎರಡು ಕನಸು', 1976ರಲ್ಲಿ ಭಾರತೀಸುತರ 'ಬಯಲು ದಾರಿ'. ಪಾರಿವಾಳ ಕೊಟ್ಟು ಬರಿಗೈಯಾಗುವ ಕಸ್ತೂರಿ ನಿವಾಸದ ಒಡೆಯನನ್ನು ನೋಡಿ ಅತ್ತ ಜನರಿಗೆ, ಇದನ್ನು ಮಾಡಿದವರೇ ಜಾಕ್‌ಪಾಟ್ ಮಾಡಿದವರು ಎಂದು ಹೇಳಿದರೆ ನಂಬುವುದು ಕಷ್ಟ. ಆದರೆ 999ರ ಮೂರು ಚಿತ್ರಗಳಲ್ಲಿ ಗಳಿಸಿದ ನಂಬಿಕೆಯ ಬಂಡವಾಳವೇ ಆ ಸಂಯಮದ ಚಿತ್ರಗಳಿಗೆ ಒದಗಿತು ಎಂದು ನಾನು ತಿಳಿದಿದ್ದೇನೆ. 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗ ಜನ ಮತ್ತೊಮ್ಮೆ ಸಾಲುಗಟ್ಟಿದರು.

ಒಂಬತ್ತು ವರ್ಷದ ಮೇಲೆ 999 ಹಿಂದಿರುಗಿದ. 'ಆಪರೇಷನ್ ಡೈಮಂಡ್ ರಾಕೆಟ್', 1978. ಮತ್ತೆ ಹೆಸರು ನೋಡಿ: ಸಂಖ್ಯೆ ಮಾಯ. ಅಷ್ಟರಲ್ಲಿ ರಾಜಕುಮಾರ್ ಎಂಬ ಹೆಸರೇ ಯಾವ ಸಂಖ್ಯೆಗಿಂತ ದೊಡ್ಡದಾಗಿತ್ತು, ಭಿತ್ತಿಪತ್ರಕ್ಕೆ ಅಷ್ಟೇ ಸಾಕಿತ್ತು. ಈ ಸಲ ಬಣ್ಣವೂ ಬಂತು. ನಾಯಕಿ ಪದ್ಮಪ್ರಿಯ. ವಿದೇಶ? ನೇಪಾಳ. ದೇವ್ ಆನಂದ್ 1971ರ 'ಹರೇ ರಾಮ ಹರೇ ಕೃಷ್ಣ'ದಲ್ಲಿ ಕಾಠ್ಮಂಡುವನ್ನು ತೋರಿಸಿಯಾಗಿತ್ತು. ಭಾರತೀಯನಿಗೆ ನೇಪಾಳಕ್ಕೆ ವೀಸಾ ಬೇಡ, ಪಾಸ್‌ಪೋರ್ಟ್ ಬೇಡ. ಹತ್ತು ವರ್ಷದ ಹಿಂದೆ ಗೋವಾಕ್ಕೆ ಹೋದ ತರ್ಕವೇ ಹಿಮಾಲಯದವರೆಗೆ ಹಬ್ಬಿತು, ಅಷ್ಟೆ. ಅದೇ ವರ್ಷ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಅವರನ್ನು ನಿಜವಾದ ಕಡಲಾಚೆಗೆ ಕರೆದೊಯ್ದಿತು. ಅದರ ಹೆಸರಿನ ವ್ಯಾಕರಣ ಮಾತ್ರ 'ಗೋವಾದಲ್ಲಿ ಸಿ.ಐ.ಡಿ. 999' ಹಾಕಿಕೊಟ್ಟದ್ದೇ.

ಡೈಮಂಡ್ ರಾಕೆಟ್‌ನಿಂದ ಇಂದಿಗೂ ಉಳಿದಿರುವುದು ಒಂದು ಹಾಡು: 'ಇಫ್ ಯು ಕಮ್ ಟುಡೇ'. ಪೂರ್ತಿ ಇಂಗ್ಲಿಷಿನ ಹಾಡು, ಹಾಡಿದವರು ಸ್ವತಃ ರಾಜಕುಮಾರ್. ಅರವತ್ತರ ದಶಕದ 999ಕ್ಕೆ ಈ ಭಾಗ್ಯವಿರಲಿಲ್ಲ. ಆಗ ತೆರೆಯ ಮೇಲೆ ರಾಜಕುಮಾರ್ ಅವರ ಕಂಠವೆಂದರೆ ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಇದೇ ಜಿ.ಕೆ. ವೆಂಕಟೇಶ್ ಎಮ್ಮೆಯ ಮೇಲೆ ಕೂತ ನಾಯಕನಿಗೆ ಅವರದೇ ಕಂಠ ಕೊಡಿಸಿದ ಮೇಲೆ ಕಥೆ ಬದಲಾಯಿತು. ಈ ಶತಮಾನದಲ್ಲಿ ಆ ಇಂಗ್ಲಿಷ್ ಹಾಡು ಅಂತರಜಾಲದಲ್ಲಿ ಊರೂರು ಸುತ್ತಿದೆ. ಕನ್ನಡ ಬಾರದ ಹುಡುಗ ಹುಡುಗಿಯರೂ ಅದನ್ನು ಕೇಳಿ ನಗುತ್ತಾರೆ, ಆಮೇಲೆ ಗುನುಗುತ್ತಾರೆ. ಕನ್ನಡ ಚಳವಳಿಯ ಮುಂದಾಳುವಾಗಿ ಮುಂದೆ ಗೋಕಾಕ್ ಹೋರಾಟದಲ್ಲಿ ಬೀದಿಗಿಳಿದ ವ್ಯಕ್ತಿ, ಅದಕ್ಕೆ ನಾಲ್ಕು ವರ್ಷ ಮೊದಲು ಇಂಗ್ಲಿಷ್ ಹಾಡು ಹಾಡಿದ್ದರಲ್ಲಿ ವಿರೋಧಾಭಾಸವಿದೆ ಎಂದು ಕೆಲವರು ಬರೆದರು. ನನಗೆ ಹಾಗೆ ಅನಿಸುವುದಿಲ್ಲ. ಬೇರೆ ಭಾಷೆಯ ಮೋಜನ್ನು ಕನ್ನಡದ ತೆರೆಯ ಮೇಲೆ, ಕನ್ನಡದ ನಟನ ಬಾಯಲ್ಲಿ ಮಾಡಿ ತೋರಿಸುವುದೇ 'ಜೇಡರ ಬಲೆ'ಯಿಂದ ಈ ತಂಡ ಮಾಡಿಕೊಂಡು ಬಂದ ಕೆಲಸ.

ಅದಾದ ಮೇಲೆ 999 ಬರಲಿಲ್ಲ. ಮರುವರ್ಷ, 1979ರಲ್ಲಿ, ದೊರೆ-ಭಗವಾನ್ ಅನಂತನಾಗ್ ಅವರನ್ನು ನಾಯಕನನ್ನಾಗಿ ಮಾಡಿ 'ಚಂದನದ ಗೊಂಬೆ' ತೆಗೆದರು. ನಾಯಕಿ, ಹನ್ನೊಂದು ವರ್ಷ ಹಿಂದೆ ಗೋವಾದಲ್ಲಿ ಪತ್ತೇದಾರನ ಜೊತೆಗಿದ್ದ ಅದೇ ಲಕ್ಷ್ಮಿ. ಈ ಸಲ ಚಿತ್ರದ ಹೆಸರಿನಲ್ಲಿದ್ದದ್ದು ಅವರ ಪಾತ್ರ.